ಆಟಿಸಂ ಇರೋರ ಕವಿತೆ: ಹೇಳೋಕೆ ಒಂದು ದಾರಿ, ‘ಈ ಸಾಲು ಯಾರದು?’ ಅನ್ನೋ ಒಂದು ಪ್ರಶ್ನೆ

ನವಲಿಯಿಂದ ಮಾತಾಡ್ತಾ ಇದೀನಿ.

ಈ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ನಮ್ಮ ಕಡೆಯ ಕೇಳುಗರೊಬ್ಬರು ಕಳಿಸಿದ್ದರು: ‘ಅಕ್ಕಾ, ನನ್ನ ತಮ್ಮಗ ಆಟಿಸಂ ಐತಿ. ಎಂಟನೇ ಕ್ಲಾಸು. ಏನರ ಕೇಳಿದ್ರ ಉತ್ತರ ಕೊಡಂಗಿಲ್ಲ. ಆದ್ರ ಬಸ್ಸಿನ ಬೋರ್ಡಿನ ಮ್ಯಾಲಿನ ಊರ ಹೆಸರು ಮಾತ್ರ ದಿನಾ ಹಾಡಿದಂಗ ಹೇಳ್ತಾನ. ಗಂಗಾವತಿ, ಕನಕಗಿರಿ, ನವಲಿ, ತಾವರಗೇರಾ, ಕುಷ್ಟಗಿ. ಅವನ ಕೈಲೆ ಕವಿತಾ ಬರೆಸಬಹುದೇನು? ಬರೆದ್ರ, ಅದು ಅವಂದ ಅಂತ ಜನ ನಂಬ್ತಾರೇನು?’

ಇದರಲ್ಲಿ ಎರಡು ಪ್ರಶ್ನೆ ಇವೆ. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಹಾಗಾಗಿ ಚಿಕಿತ್ಸೆಯ ಸಲಹೆ ಕೊಡಲ್ಲ. ಕವಿತೆ ಆಟಿಸಂ ಇರೋರಿಗೆ ಯಾಕೆ ಒಗ್ಗಬಹುದು, ಎಲ್ಲಿ ಎಚ್ಚರ ಬೇಕು ಅನ್ನೋದನ್ನ ಓದಿ ತಿಳಿದಷ್ಟು ಹೇಳ್ತೀನಿ.

ಮಾತು ಇಲ್ಲ ಅಂದ್ರೆ ವಿಚಾರ ಇಲ್ಲ ಅಂತಲ್ಲ

ಆಟಿಸಂಗೆ ಕನ್ನಡದಲ್ಲಿ ಸ್ವಲೀನತೆ ಅಂತಾರೆ. ತನ್ನಲ್ಲೇ ಲೀನವಾಗಿರೋದು ಅನ್ನೋ ಅರ್ಥ. ಆ ಹೆಸರು ಕೇಳಿದ್ರೆ ಮಗು ಬೇಕಂತಲೇ ನಮ್ಮ ಕಡೆ ಬೆನ್ನು ತಿರುಗಿಸಿ ಕೂತಿದೆ ಅನಿಸುತ್ತೆ. ನಿಜ ಹಾಗಿಲ್ಲ. ಇದು ಅಂಟುರೋಗ ಅಲ್ಲ, ತಂದೆ ತಾಯಿ ಬೆಳೆಸಿದ್ದರ ತಪ್ಪೂ ಅಲ್ಲ. ಮೆದುಳು ಬೆಳೆಯೋ ರೀತಿಯಲ್ಲೇ ಇರೋ ವ್ಯತ್ಯಾಸ. ಕೆಲವರು ತಮಗೆ ಇಷ್ಟವಾದ ವಿಷಯದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಕೆಲವರು ಒಂದು ಪದವನ್ನೂ ಆಡಲ್ಲ. ಕೆಲವರಿಗೆ ಮಿಕ್ಸಿ ಸದ್ದು, ಟ್ಯೂಬ್‌ಲೈಟಿನ ಗುಂಯ್ ಅನ್ನೋ ಶಬ್ದ, ಅಂಗಿ ಕಾಲರಿನ ಲೇಬಲ್ ಕೂಡ ತಡೆಯೋಕೆ ಆಗಲ್ಲ. ಒಬ್ಬರಂತೆ ಒಬ್ಬರಿಲ್ಲ, ಅದಕ್ಕೇ ‘ಸ್ಪೆಕ್ಟ್ರಂ’ ಅಂತಾರೆ.

ನಮ್ಮೂರಿನ ಒಂದು ಹೋಲಿಕೆ ಕೊಡ್ತೀನಿ. ತುಂಗಭದ್ರಾ ಡ್ಯಾಮ್ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಮಳೆಗಾಲದಲ್ಲಿ ಹೊಳೆಗೆ ನೀರು ಬರ್ತದೆ, ಹಿಡಿದಿಡೋಕೆ ಜಾಗ ಇಲ್ಲ, ಕೆಳಗೆ ಹರಿದು ಹೋಗ್ತದೆ. ಅದಕ್ಕೇ ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟಬೇಕು ಅನ್ನೋ ಯೋಜನೆಯ ಚರ್ಚೆ ಇಷ್ಟು ವರ್ಷದಿಂದ ನಡೀತಾ ಇದೆ. ಮಾತು ಅನ್ನೋದು ದೊಡ್ಡ ಡ್ಯಾಮ್ ಅಂದ್ಕೊಳ್ರಿ. ಅಲ್ಲಿ ನಿಲ್ಲದ ನೀರಿಗೆ ಇನ್ನೊಂದು ಜಾಗ ಬೇಕು. ಕೆಲವರಿಗೆ ಅದು ಚಿತ್ರ, ಕೆಲವರಿಗೆ ಲೆಕ್ಕ, ಕೆಲವರಿಗೆ ಕವಿತೆ. ಹೋಲಿಕೆ ಪೂರ್ತಿ ಹೊಂದಲ್ಲ, ಮಗುವಿನ ಮನಸ್ಸಿನಲ್ಲಿ ಹೂಳೇನೂ ಇಲ್ಲ. ಹೊಳೆಗೆ ನೀರು ಬರ್ತಿದೆ ಅನ್ನೋದಷ್ಟೇ ನಾನು ಹೇಳೋಕೆ ಹೊರಟಿದ್ದು.

ನಾಯಿ, ಬಾಲ್ಕನಿ ಮತ್ತು ರೂಪಕ

‘ಆಟಿಸಂ ಇರೋರಿಗೆ ರೂಪಕ ಅರ್ಥ ಆಗಲ್ಲ, ಮತ್ತೆ ಕವಿತೆ ಎಲ್ಲಿಂದ ಬರುತ್ತೆ?’ ಅಂತ ಕೆಲವರು ಕೇಳ್ತಾರೆ. ಅರ್ಧ ನಿಜ. ‘ತಲೆ ತಿನ್ನಬೇಡ’ ಅಂದ್ರೆ ಗಾಬರಿ ಬೀಳೋ ಮಕ್ಕಳಿದ್ದಾರೆ. ‘ಹೊಟ್ಟೆ ಉರೀತದ’ ಅಂದ್ರೆ ನೀರು ತಂದು ಕೊಡೋ ಮಕ್ಕಳಿದ್ದಾರೆ. ಊರವರೆಲ್ಲ ಸೇರಿ ಮಾಡ್ಕೊಂಡಿರೋ ರೂಪಕ ಅದು, ಅದರ ಬೀಗದ ಕೈ ಎಲ್ಲರಿಗೂ ಸಿಕ್ಕಿರಲ್ಲ.

ಇನ್ನರ್ಧ ನೋಡ್ರಿ. ಲಿಯೋ ಕ್ಯಾನರ್ ಅಂತ ಮಕ್ಕಳ ಮನೋವೈದ್ಯರು, ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದವರು. 1943ರಲ್ಲಿ 11 ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಮೊದಲ ಮುಖ್ಯ ಪ್ರಬಂಧ ಬರೆದರು. 1946ರಲ್ಲಿ ಇಂಥ ಮಕ್ಕಳ ‘ಅಸಂಬದ್ಧ’ ಮಾತಿನ ಬಗ್ಗೆಯೇ ಇನ್ನೊಂದು ಪ್ರಬಂಧ ಬರೆದರು. ಅದರಲ್ಲಿ ಒಬ್ಬ ಹುಡುಗನ ಕಥೆ ಇದೆ. ಯಾವುದಾದರೂ ವಸ್ತು ಎಸೆಯಬೇಕು ಅನಿಸಿದಾಗಲೆಲ್ಲ ಆ ಹುಡುಗ ‘ನಾಯಿಯನ್ನು ಬಾಲ್ಕನಿಯಿಂದ ಎಸೀಬೇಡ’ ಅಂತಿದ್ದ. ಅಲ್ಲಿ ನಾಯಿನೂ ಇಲ್ಲ, ಬಾಲ್ಕನಿನೂ ಇಲ್ಲ. ತಾಯಿಯನ್ನು ಕೇಳಿದಾಗ ವಿಷಯ ತಿಳೀತು. ಹಿಂದೊಮ್ಮೆ ಹೋಟೆಲಿನ ಬಾಲ್ಕನಿಯಿಂದ ಆ ಹುಡುಗ ಆಟಿಕೆ ನಾಯಿಯನ್ನು ಮತ್ತೆ ಮತ್ತೆ ಎಸೀತಿದ್ದ. ಎತ್ತಿ ತಂದು ಸಾಕಾದ ತಾಯಿ ಹೇಳಿದ ಮಾತು ಅದು. ಅವತ್ತಿನಿಂದ ‘ನನ್ನನ್ನ ನಾನು ತಡೀಬೇಕು’ ಅನ್ನೋದಕ್ಕೆ ಅವನ ಭಾಷೆಯಲ್ಲಿ ಅದೇ ವಾಕ್ಯ.

ಒಂದು ಅನುಭವದ ಮಾತನ್ನ ಇನ್ನೊಂದು ಅನುಭವಕ್ಕೆ ಒಯ್ಯೋದು ರೂಪಕ ಅಲ್ಲದೆ ಇನ್ನೇನು? ಕ್ಯಾನರ್ ಕೂಡ ಇದನ್ನ ಕಾವ್ಯದ ರೂಪಕದ ಜೊತೆ ಹೋಲಿಸಿದರು. ವ್ಯತ್ಯಾಸ ಏನಂದ್ರೆ, ಮೂಲ ಘಟನೆ ಗೊತ್ತಿಲ್ಲದವರಿಗೆ ಅದು ಬರೀ ಹುಚ್ಚುಮಾತಿನ ಹಾಗೆ ಕೇಳಿಸುತ್ತೆ. ಅಂದ್ರೆ ಸಮಸ್ಯೆ ಹೇಳುವವನ ಹತ್ತಿರ ಮಾತ್ರ ಇಲ್ಲ, ಕೇಳುವವನ ಹತ್ತಿರವೂ ಇದೆ. 2012ರಲ್ಲಿ ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಇವರು ಸ್ವತಃ ಆಟಿಸಂ ಇರೋ ಸಂಶೋಧಕರು, ಇದೇ ಮಾತನ್ನ ಇನ್ನೊಂದು ರೀತಿ ಹೇಳಿದರು: ಅರ್ಥ ಆಗದಿರೋದು ಎರಡೂ ಕಡೆಯ ತೊಂದರೆ, ಒಂದೇ ಕಡೆಯದಲ್ಲ.

ಬಸ್ಸಿನ ಬೋರ್ಡು ಓದೋ ಆ ಹುಡುಗನಿಗೆ ‘ಕುಷ್ಟಗಿ’ ಅಂದ್ರೆ ಅಜ್ಜಿ ಮನೆ ಇರಬಹುದು, ಕಿಟಕಿ ಪಕ್ಕದ ಸೀಟು ಇರಬಹುದು. ಏನೂ ಇಲ್ಲದೆ, ಬಾಯಿಗೆ ಹಿತವಾದ ಒಂದು ಶಬ್ದವೇ ಇರಬಹುದು. ಕೇಳಿ ನೋಡದೆ ಗೊತ್ತಾಗಲ್ಲ.

ಮಾತಿಗಿಂತ ಕವಿತೆ ಯಾಕೆ ಹಗುರ

ಎದುರಾಬದುರು ಮಾತಾಡುವಾಗ ಎಷ್ಟು ಕೆಲಸ ಒಟ್ಟಿಗೆ ನಡೀತದೆ ಯೋಚನೆ ಮಾಡ್ರಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು, ಎದುರಿನವರ ಮುಖ ಓದ್ಬೇಕು, ದನಿ ಗಮನಿಸ್ಬೇಕು, ಸರಿಯಾದ ಹೊತ್ತಿಗೆ ಬಾಯಿ ತೆರೀಬೇಕು, ಎರಡು ಸೆಕೆಂಡಿನಲ್ಲಿ ಉತ್ತರ ಕೊಡ್ಬೇಕು. ಒಂದು ತಪ್ಪಿದ್ರೂ ‘ಯಾಕೋ ಸುಮ್ನಿದೀ?’ ಅಂತಾರೆ.

ಕವಿತೆ ಇದ್ಯಾವುದನ್ನೂ ಕೇಳಲ್ಲ. ಎದುರಿಗೆ ಮುಖ ಇಲ್ಲ. ಸಮಯದ ಒತ್ತಡ ಇಲ್ಲ, ಒಂದು ಸಾಲಿಗೆ ಒಂದು ವಾರ ತಗೊಂಡ್ರೂ ನಡೀತದೆ. ವಾಕ್ಯ ಪೂರ್ತಿ ಆಗ್ಬೇಕು ಅಂತಿಲ್ಲ. ಮಾತಿನಲ್ಲಿ ಬೈಸಿಕೊಳ್ಳೋ ಗುಣಗಳೇ ಇಲ್ಲಿ ಕೆಲಸಕ್ಕೆ ಬರ್ತವೆ. ಹೇಳಿದ್ದನ್ನೇ ಹೇಳೋದು ಮಾತಿನಲ್ಲಿ ಕಿರಿಕಿರಿ, ಕವಿತೆಯಲ್ಲಿ ಅದೇ ಪಲ್ಲವಿ. ಹೆಸರುಗಳ ಪಟ್ಟಿ ಒಪ್ಪಿಸೋದು ಮಾತಿನಲ್ಲಿ ವಿಚಿತ್ರ, ಕವಿತೆಯಲ್ಲಿ ಅದೊಂದು ಕಟ್ಟು.

ಇನ್ನೊಂದು ವಿಷಯ, ವಿವರ. ನಮ್ಮ ಕಡೆ ಒಂದು ಗಾದೆ ಇದೆಯಲ್ರಿ, ‘ಕಾಲಿದ್ದವರು ಹಂಪಿ ನೋಡ್ಬೇಕು, ಕಣ್ಣಿದ್ದವರು ಕನಕಗಿರಿ ನೋಡ್ಬೇಕು’ ಅಂತ. ಹಂಪಿಯನ್ನ ತಿರುಗಾಡಿ ನೋಡ್ಬೇಕು, ಕನಕಗಿರಿಯ ಕಂಬದ ಕೆತ್ತನೆಯನ್ನ ನಿಂತು ನೋಡ್ಬೇಕು. ಮನೋವಿಜ್ಞಾನಿ ಊಟಾ ಫ್ರಿತ್ 1989ರಲ್ಲಿ ಮುಂದಿಟ್ಟ ಒಂದು ವಾದದ ಪ್ರಕಾರ, ಆಟಿಸಂ ಇರೋ ಹಲವರ ಗಮನ ಇಡೀ ಚಿತ್ರಕ್ಕಿಂತ ಮೊದಲು ಬಿಡಿ ವಿವರದ ಮೇಲೆ ಹೋಗುತ್ತೆ. ಕನಕಗಿರಿ ನೋಡುವ ಕಣ್ಣು ಅನ್ನಬಹುದು. ಎಲ್ಲರಿಗೂ ಇದು ಅನ್ವಯಿಸಲ್ಲ. ಆದ್ರೆ ಅಂಥ ಕಣ್ಣಿರೋರಿಗೆ ಕವಿತೆ ಒಳ್ಳೆ ಜಾಗ, ಯಾಕಂದ್ರೆ ಕವಿತೆ ನಿಲ್ಲೋದೇ ವಿವರದ ಮೇಲೆ.

ಕೊನೆಯದಾಗಿ, ಮೈ. ಆಟಿಸಂ ಇರೋರು ಕೂತಲ್ಲೇ ತೂಗಾಡೋದು, ಕೈ ಬಡಿಯೋದು, ಸುತ್ತೋದು ನೋಡಿರ್ತೀರಿ. ಜನ ‘ಕೈ ಕೆಳಗಿಳಿಸು’ ಅಂತಾರೆ. ಆದ್ರೆ ನಮ್ಮ ಪದಗಳು ಹುಟ್ಟಿದ್ದೆಲ್ಲಿ? ಬೀಸುಕಲ್ಲು ತಿರುಗಿಸ್ತಾ ಬೀಸುವ ಪದ ಬಂತು. ಕಣದಲ್ಲಿ ಎತ್ತಿನ ಹಿಂದೆ ಸುತ್ತು ಹಾಕ್ತಾ ಹಂತಿ ಪದ ಬಂತು. ಮೈ ಒಂದೇ ಲಯದಲ್ಲಿ ಆಡ್ತಿದ್ರೆ ಅದರ ಮೇಲೆ ಮಾತು ಕೂರುತ್ತೆ. ಹಾಗಾಗಿ ತೂಗಾಟ ನಿಲ್ಲಿಸಿ ಆಮೇಲೆ ಕವಿತೆ ಬರೆಸೋಕೆ ಹೋಗ್ಬೇಡ್ರಿ.

ಮೈಸೂರು, ಬೆಂಗಳೂರಿನಲ್ಲಿ ಬೆಳೆದ ಹುಡುಗ

ಇದಕ್ಕೆ ಉದಾಹರಣೆ ಹುಡುಕೋಕೆ ಅಮೆರಿಕಕ್ಕೆ ಹೋಗ್ಬೇಕಿಲ್ಲ, ಕರ್ನಾಟಕದಲ್ಲೇ ಶುರುವಾದ ಕಥೆ ಇದೆ. ಟಿಟೊ ರಾಜರ್ಷಿ ಮುಖೋಪಾಧ್ಯಾಯ, ಹುಟ್ಟಿದ್ದು 1989ರಲ್ಲಿ. ಬಂಗಾಳಿ ಕುಟುಂಬ, ಬಾಲ್ಯದ ಹಲವು ವರ್ಷ ಮೈಸೂರು ಮತ್ತು ಬೆಂಗಳೂರಿನಲ್ಲಿ. ತೀವ್ರ ಆಟಿಸಂ, ಮಾತು ತೀರಾ ಕಡಿಮೆ. ತಾಯಿ ಸೋಮಾ ಮಗನಿಗೆ ಪಾಠದ ಜೊತೆ ಕಥೆ, ಕವಿತೆ ಓದಿ ಹೇಳ್ತಿದ್ದರು. ಅಕ್ಷರದ ಹಲಗೆಯ ಮೇಲೆ ಬೆರಳಿಟ್ಟು ತೋರಿಸೋದು ಕಲಿಸಿದರು. ಪೆನ್ಸಿಲ್ ಕೈಯಲ್ಲಿ ನಿಲ್ಲದಿದ್ದಾಗ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಬರೆಯೋದು ಕಲಿಸಿದರು.

8ರಿಂದ 11ನೇ ವಯಸ್ಸಿನ ಒಳಗೆ ಟಿಟೊ ಬರೆದ ಗದ್ಯ ಮತ್ತು ಕವಿತೆಗಳು 2000ದಲ್ಲಿ ‘ಬಿಯಾಂಡ್ ದ ಸೈಲೆನ್ಸ್’ ಅನ್ನೋ ಪುಸ್ತಕವಾಗಿ ಬಂದವು. ಪ್ರಕಟಿಸಿದ್ದು ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ. ಬಿಬಿಸಿ ಅವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿತು. 2003ರಲ್ಲಿ ಅಮೆರಿಕದಲ್ಲಿ ‘ದ ಮೈಂಡ್ ಟ್ರೀ’ ಹೆಸರಿನಲ್ಲಿ ಪುಸ್ತಕ ಬಂತು, 2008ರಲ್ಲಿ ‘ಹೌ ಕ್ಯಾನ್ ಐ ಟಾಕ್ ಇಫ್ ಮೈ ಲಿಪ್ಸ್ ಡೋಂಟ್ ಮೂವ್’ ಬಂತು. ತನ್ನ ಮೈ ತನಗೇ ಚೂರುಚೂರಾಗಿ ಅನಿಸೋದು, ಸುತ್ತಿದಾಗ, ಕೈ ಬಡಿದಾಗ ಮೈಯ ಅರಿವು ಮರಳೋದು, ಇದನ್ನೆಲ್ಲ ಒಳಗಿನಿಂದ ಬರೆದರು. ಹೊರಗಿನಿಂದ ನೋಡಿದವರಿಗೆ ಅದು ‘ವರ್ತನೆಯ ಸಮಸ್ಯೆ’ ಅಷ್ಟೇ ಆಗಿತ್ತು.

ಈ ಸಾಲು ಯಾರದು?

ಇಲ್ಲಿಂದ ಕಷ್ಟದ ಪ್ರಶ್ನೆ. ಟಿಟೊ ಬರೆದಿದ್ದು ನಿಜಕ್ಕೂ ಟಿಟೊದಾ ಅಂತ ಆಗಲೂ ಜನ ಕೇಳಿದರು. ಅವರು ತಮ್ಮ ಕೈಯಿಂದಲೇ ಬರೀತಾರೆ, ಟೈಪ್ ಮಾಡ್ತಾರೆ, ಯಾರೂ ಕೈ ಹಿಡಿಯಲ್ಲ. ತಾಯಿ ಪಕ್ಕದಲ್ಲಿ ಕೂತು ಎಚ್ಚರಿಸ್ತಾ ಇರ್ತಿದ್ದರು ಅಂತ ನೋಡಿದವರು ದಾಖಲಿಸಿದ್ದಾರೆ. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ತಜ್ಞರು ಪರೀಕ್ಷಿಸಿದರು.

ಆದ್ರೆ ಸೋಮಾ ಅವರ ವಿಧಾನ ಆಮೇಲೆ ‘ರ‍್ಯಾಪಿಡ್ ಪ್ರಾಂಪ್ಟಿಂಗ್ ಮೆಥಡ್’ ಅನ್ನೋ ಹೆಸರಿನಲ್ಲಿ ಬೇರೆ ಮಕ್ಕಳಿಗೂ ಹಬ್ಬಿತು. 2018ರಲ್ಲಿ ಅಮೆರಿಕದ ಮಾತು ಮತ್ತು ಶ್ರವಣ ತಜ್ಞರ ಸಂಘ ಅದನ್ನ ಬಳಸಬೇಡಿ ಅಂತ ಹೇಳಿಕೆ ಕೊಟ್ಟಿತು. ಅಕ್ಷರದ ಹಲಗೆ ಹಿಡಿದವರು ಗೊತ್ತಿಲ್ಲದೇನೇ ಸುಳಿವು ಕೊಡಬಹುದು, ಹೊರಬಂದ ಮಾತು ಮಗುವಿನದೇ ಅನ್ನೋದಕ್ಕೆ ಆಧಾರ ಇಲ್ಲ ಅನ್ನೋದು ಅವರ ಆಕ್ಷೇಪ. ಈ ಭಯಕ್ಕೆ ಇತಿಹಾಸ ಇದೆ. 1990ರ ದಶಕದಲ್ಲಿ ‘ಫೆಸಿಲಿಟೇಟೆಡ್ ಕಮ್ಯುನಿಕೇಶನ್’ ಅಂತ ಇನ್ನೊಂದು ವಿಧಾನ ಭಾರಿ ಸುದ್ದಿ ಮಾಡಿತ್ತು. ಸಹಾಯಕರು ಕೈ ಹಿಡಿದು ಟೈಪ್ ಮಾಡಿಸ್ತಿದ್ದರು, ಕವಿತೆಗಳೂ ಬಂದವು. ಆಮೇಲೆ ಸಂಶೋಧಕರು ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಇನ್ನೊಂದು ಚಿತ್ರ ತೋರಿಸಿದರು. ಟೈಪ್ ಆಗಿದ್ದು ಸಹಾಯಕರು ನೋಡಿದ ಚಿತ್ರದ ಹೆಸರು. ಅವರು ಮೋಸ ಮಾಡ್ತಿರಲಿಲ್ಲ, ತಮ್ಮ ಕೈಯೇ ಬರೆಸ್ತಿದೆ ಅನ್ನೋದು ಅವರಿಗೇ ಗೊತ್ತಿರಲಿಲ್ಲ. 1994ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ನಿರ್ಣಯ ಮಾಡಿತು.

ಬಿ.ಕಾಂ.ನಲ್ಲಿ ಮೊದಲು ಕಲಿಸೋ ಮಾತು: ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಇಲ್ಲೂ ಅದೇ. ಮಗುವಿನ ಮೇಲೆ ಅನುಮಾನ ಅಂತಲ್ಲ, ಅದರ ಹೆಸರಿನಲ್ಲಿ ನಮ್ಮ ಮಾತು ಸೇರಬಾರದು ಅಂತ. ಮಗು ಹೇಳದ ಸುಂದರ ಮಾತನ್ನ ಮಗುವಿನದು ಅಂದ್ರೆ, ಅದು ನಿಜಕ್ಕೂ ಹೇಳ್ತಿರೋದನ್ನ ಕೇಳೋರು ಯಾರೂ ಇರಲ್ಲ. ‘ಹೊಟ್ಟೆ ನೋಯ್ತಿದೆ’ ಅನ್ನೋದೂ ಮುಚ್ಚಿ ಹೋಗಬಹುದು.

ನಾಲ್ಕು ಸರಳ ಎಚ್ಚರ. ಒಂದು, ಬರೆಯುವಾಗ ಕೈ, ಮೊಣಕೈ, ಭುಜ ಹಿಡೀಬೇಡಿ. ಎರಡು, ಅಕ್ಷರದ ಹಲಗೆ, ಚಿತ್ರದ ಕಾರ್ಡು, ಮೊಬೈಲು ಮೇಜಿನ ಮೇಲಿರಲಿ, ನಿಮ್ಮ ಕೈಯಲ್ಲಿ ಬೇಡ. ಮೂರು, ನಿಮಗೆ ಗೊತ್ತಿಲ್ಲದ ಸಂಗತಿ ಆಗಾಗ ಬರುತ್ತಾ ನೋಡಿ. ಇವತ್ತು ಶಾಲೆಯಲ್ಲಿ ಊಟಕ್ಕೆ ಏನಿತ್ತು ಅನ್ನೋದು ನಿಮಗಿಂತ ಅವನಿಗೇ ಚೆನ್ನಾಗಿ ಗೊತ್ತು. ನಾಲ್ಕು, ಮೊದಲ ಪ್ರತಿ ಬಿಸಾಡಬೇಡಿ, ತಾರೀಖು ಹಾಕಿ ಇಡಿ.

ಮಾತಾಡೋ ಮಕ್ಕಳಲ್ಲಿ ಇದು ಇನ್ನೂ ಸುಲಭ. ಅವನು ಹೇಳಿದ್ದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ, ಹೇಳಿದ ಹಾಗೇ ಬರೆದುಕೊಂಡ್ರೆ ಆಯ್ತು. ಪ್ರಾಸ ಕೂಡಲಿಲ್ಲ ಅಂತ ಪದ ಬದಲಿಸಬೇಡಿ. ಕೆಳಗೆ ‘ಹೇಳಿದ್ದು ತಮ್ಮ, ಸಾಲು ಮುರಿದು ಬರೆದಿದ್ದು ಅಕ್ಕ’ ಅಂತ ಹಾಕಿ. ನಮ್ಮ ವಚನಕಾರರು, ದಾಸರು, ತತ್ವಪದ ಹಾಡಿದವರು ಕೊನೆಗೆ ಅಂಕಿತ ಹಾಕ್ತಿದ್ದರಲ್ಲ, ಈ ಮಾತು ಇಂಥವರದು ಅಂತ ತಿಳಿಯೋದಕ್ಕೆ. ಮಗುವೂ ತನಗೆ ಇಷ್ಟವಾದ ಒಂದು ಅಂಕಿತ ಆರಿಸಿಕೊಳ್ಳಲಿ. ಬಸ್ಸಿನ ನಂಬರಾದ್ರೂ ಸರಿ.

ಶಾಲೆಯಲ್ಲಿ ಏನು ಆಗಬಹುದು

ನಮ್ಮ ಶಾಲೆಗಳಲ್ಲಿ ಪದ್ಯ ಅಂದ್ರೆ ಎರಡೇ ಕೆಲಸ: ಕಂಠಪಾಠ, ಸಾರಾಂಶ. ಆಟಿಸಂ ಇರೋ ಕೆಲವು ಮಕ್ಕಳು ಇಡೀ ಪದ್ಯ ಒಂದಕ್ಷರ ಬಿಡದೆ ಒಪ್ಪಿಸ್ತಾರೆ, ಆಗ ‘ಗಿಳಿಪಾಠ’ ಅಂತಾರೆ. ಸಾರಾಂಶ ಬರೀದಿದ್ರೆ ‘ತಲೆಗೆ ಹತ್ತಿಲ್ಲ’ ಅಂತಾರೆ. ಎರಡರ ನಡುವೆ ಮೂರನೆಯ ಕೆಲಸ ಒಂದಿದೆ, ತಾನೇ ಒಂದು ಸಾಲು ಬರೆಯೋದು. ಅದಕ್ಕೆ ಪಿರಿಯಡ್ ಇಲ್ಲ. ಪ್ರತಿಭಾ ಕಾರಂಜಿಯಲ್ಲಿ ಕವನಕ್ಕೆ ಜಾಗ ಇದೆ, ಆದ್ರೆ ಮೈಕು, ಚಪ್ಪಾಳೆ, ನಿಮಿಷದ ಗಡುವು ಎಲ್ಲ ಜೊತೆಗಿವೆ. ಬರೆದವನ ಕವಿತೆಯನ್ನ ಗೆಳೆಯ ಓದಿದ್ರೆ ಏನು ತಪ್ಪು? ಗೋಡೆ ಪತ್ರಿಕೆಗೆ ಅಂಟಿಸಿದ್ರೆ ಮೈಕೂ ಬೇಡ.

ಇದು ದಯೆಯ ಮಾತಷ್ಟೇ ಅಲ್ಲ, ಕಾನೂನು ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಪಟ್ಟಿ ಮಾಡಿದ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಹಳೆಯ 1995ರ ಕಾಯ್ದೆಯಲ್ಲಿ ಇದ್ದಿದ್ದು 7, ಅದರಲ್ಲಿ ಆಟಿಸಂ ಇರಲಿಲ್ಲ. ಹೊಸ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಇವುಗಳ ಜೊತೆಗೆ, ಮಾತಿನ ತೊಂದರೆ ಇರೋರಿಗೆ ಬೇರೆ ಸಂವಹನ ವಿಧಾನಗಳನ್ನ ಪ್ರೋತ್ಸಾಹಿಸಬೇಕು ಅಂತಲೂ ಹೇಳುತ್ತೆ. ತಾಲೂಕಿನ ಬಿಆರ್‌ಸಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಅನ್ನೋ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಕೇಳೋದಾದ್ರೆ ಮೊದಲು ಅಲ್ಲಿ ಕೇಳಿ.

ನಾಳೆಯಿಂದಲೇ ಶುರು ಮಾಡೋದಾದ್ರೆ

ಖಾಲಿ ಹಾಳೆ ಕೊಟ್ಟು ‘ಕವಿತೆ ಬರಿ’ ಅನ್ನಬೇಡಿ. ನನಗೇ ಹಾಗೆ ಹೇಳಿದ್ರೆ ಕೈ ನಡುಗುತ್ತೆ. ಒಂದು ಕಟ್ಟು ಕೊಡಿ. ಮಗುವಿಗೆ ಇಷ್ಟವಾದ ಪಟ್ಟಿ ತಗೊಳ್ಳಿ. ಬಸ್ಸಿನ ಊರುಗಳನ್ನೇ ತಗೊಂಡ್ರೆ, ಪ್ರತಿ ಊರಿನ ಮುಂದೆ ಒಂದು ಖಾಲಿ ಜಾಗ ಬಿಡಿ: ಅಲ್ಲಿ ಏನು ಕೇಳಿಸುತ್ತೆ? ಅಥವಾ ಏನು ವಾಸನೆ? ನಾನೇ ಮಾಡಿ ನೋಡಿದೆ. ‘ಗಂಗಾವತಿ: ರೈಸ್ ಮಿಲ್ಲಿನ ಹೊಟ್ಟು. ಕನಕಗಿರಿ: ಕಲ್ಲಿನ ತಂಪು. ನವಲಿ: ನಾನು ಇಳಿಯೋ ಬಾಗಿಲು.’ ದೊಡ್ಡ ಕವಿತೆ ಅಲ್ಲ. ಆದ್ರೆ ನಾನು ಆ ದಾರಿಯಲ್ಲಿ ಹೋಗಿದೀನಿ ಅನ್ನೋದು ಗೊತ್ತಾಗುತ್ತೆ.

ಮಾತಾಡದ ಮಕ್ಕಳಿಗೆ ಚಿತ್ರದ ಕಾರ್ಡು ಆರಿಸಿ ಸಾಲಾಗಿ ಜೋಡಿಸೋದು ಆಗುತ್ತೆ. ಚೆನ್ನೈನಲ್ಲಿ ರೂಪುಗೊಂಡ ಆವಾಜ್‌ನಂಥ ಆ್ಯಪ್‌ಗಳಲ್ಲಿ ಚಿತ್ರ ಮುಟ್ಟಿದ್ರೆ ಫೋನೇ ಮಾತಾಡುತ್ತೆ. ಮುಖ್ಯ ಏನಂದ್ರೆ ಆರಿಸೋದು ಮಗು. ಕೇಳಿದ ಮೇಲೆ ಕಾಯಿರಿ, ಒಂದರಿಂದ ಇಪ್ಪತ್ತರ ತನಕ ಮನಸ್ಸಿನಲ್ಲೇ ಎಣಿಸಿ. ಆ ಮಧ್ಯೆ ಪ್ರಶ್ನೆ ಬದಲಿಸಬೇಡಿ. ಬೇಡ ಅಂತ ಎದ್ದು ಹೋದ್ರೆ ಅವತ್ತಿಗೆ ಮುಗೀತು. ಬರೆದಿದ್ದನ್ನ ಸ್ಟೇಟಸ್‌ಗೆ ಹಾಕೋ ಮೊದಲು ಮಗುವನ್ನ ಕೇಳಿ, ಕವಿತೆ ಅದರ ಸ್ವಂತ ಆಸ್ತಿ.

ಎಲ್ಲ ಮಕ್ಕಳಿಗೂ ಕವಿತೆ ಇಷ್ಟ ಆಗಲ್ಲ. ಆಟಿಸಂ ಇರೋರೆಲ್ಲ ಗುಪ್ತ ಪ್ರತಿಭೆಗಳು ಅನ್ನೋ ಮಾತನ್ನೂ ನಾನು ಒಪ್ಪಲ್ಲ. ಆ ಮಾತಿನಲ್ಲಿ ಒಂದು ಷರತ್ತು ಅಡಗಿದೆ: ಏನಾದ್ರೂ ಅದ್ಭುತ ಮಾಡಿದ್ರೆ ಮಾತ್ರ ಗೌರವ ಅಂತ. ಟಿಟೊ ಪುಸ್ತಕ ಬರೆದಿದ್ದಕ್ಕೆ ಮನುಷ್ಯರಾಗಲಿಲ್ಲ. ಪುಸ್ತಕ ಬಂದ ಮೇಲೆ ಜನ ತಿರುಗಿ ನೋಡಿದರು, ಅಷ್ಟೇ. ಸಾಧಾರಣ ಕವಿತೆ ಬರೆಯೋ ಹಕ್ಕು ಕೂಡ ಹಕ್ಕೇ. ನಾವೆಲ್ಲ ಹೈಸ್ಕೂಲಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿದ್ದೇನು ಮಹಾಕಾವ್ಯನಾ?

ನಿಮ್ಮ ಮನೆಯಲ್ಲಿ, ಕ್ಲಾಸಿನಲ್ಲಿ ಹೀಗೆ ಪಟ್ಟಿ ಹೇಳೋ, ಒಂದೇ ವಾಕ್ಯ ತಿರುಗಿ ತಿರುಗಿ ಆಡೋ ಯಾರಾದ್ರೂ ಇದ್ದಾರಾ? ಒಂದು ವಾರ ತಿದ್ದದೆ, ನಗದೆ, ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೆದಿಡಿ. ಯಾವ ಹೊತ್ತಿನಲ್ಲಿ, ಎಲ್ಲಿ ಹೇಳಿದರು ಅನ್ನೋದನ್ನೂ ಪಕ್ಕದಲ್ಲಿ ಹಾಕಿ. ವಾರದ ಕೊನೆಗೆ ಆ ಹಾಳೆಯನ್ನ ಅವರ ಮುಂದೆಯೇ ಇಟ್ಟು, ಅವರು ಏನು ಮಾಡ್ತಾರೆ ನೋಡಿ.